ಅಶ್ವತ್ಥಾಮನ ನಿದ್ದೆಗೆಟ್ಟ ರಾತ್ರಿ: ಕನ್ನಡ ರಂಗದ ಮೇಲೆ ಯೋಧನ ಮನೋವ್ಯಥೆ

ಕೊಪ್ಪಳ ಜಿಲ್ಲೆಯ ಸಿದ್ದಾಪುರ, ಕಾರಟಗಿ, ಗಂಗಾವತಿ ಸೀಮೆಯಲ್ಲಿ ಜಾತ್ರೆ, ಉಗಾದಿ ಹತ್ತಿರ ಬಂದರೆ ಊರ ಹುಡುಗರು ನಾಟಕಕ್ಕೆ ಕೂಡುತ್ತಾರೆ. ಹಾರ್ಮೋನಿಯಂ ಮಾಸ್ತರರನ್ನು ಗೊತ್ತುಮಾಡಿ, ಪಾರ್ಟು ಹಂಚಿ, ವಾರಗಟ್ಟಲೆ ತಾಲೀಮು ನಡೆಸುತ್ತಾರೆ. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸಿ, ಸೀನು ಡ್ರೆಸ್ಸು ಬಾಡಿಗೆಗೆ ತಂದು ಬೆಳಗಿನ ತನಕ ಆಡುತ್ತಾರೆ. ಹೀಗೆ ಆಡುವ ನಾಟಕಗಳಲ್ಲಿ ಈಗ ಹೆಚ್ಚಿನವು ಸಾಮಾಜಿಕ. ಪೌರಾಣಿಕಗಳ ಪೈಕಿ ಇನ್ನೂ ಬೇಡಿಕೆ ಕಳೆದುಕೊಳ್ಳದ ಹೆಸರು 'ರಕ್ತರಾತ್ರಿ'. ಕಂದಗಲ್ಲ ಹನುಮಂತರಾಯರು (1896–1966) ಬರೆದ ಈ ನಾಟಕಕ್ಕೆ ಮೂಲ ಮಹಾಭಾರತದ ಸೌಪ್ತಿಕ ಪರ್ವ. ಹದಿನೆಂಟು ದಿನದ ಯುದ್ಧ ಮುಗಿದ ರಾತ್ರಿ, ಸೋತ ಪಾಳೆಯದಲ್ಲಿ ಜೀವ ಉಳಿಸಿಕೊಂಡ ಮೂವರಲ್ಲಿ ಒಬ್ಬನಾದ ಅಶ್ವತ್ಥಾಮ ಎದ್ದು ಹೋಗಿ ಮಲಗಿದ್ದವರನ್ನು ಕೊಲ್ಲುವ ಕಥೆ ಅದು.

ಈ ಕಥೆಯನ್ನು ಹಾಡು, ಮಾತು, ಬಣ್ಣ ಎಲ್ಲ ಬದಿಗಿಟ್ಟು ಬರಿಯ ಘಟನೆಯಾಗಿ ಬರೆದುಕೊಂಡರೆ ಮನೋವೈದ್ಯರ ಕಡತದಂತೆ ಕಾಣುತ್ತದೆ. ತಂದೆ ದ್ರೋಣ ಸುಳ್ಳುಸುದ್ದಿ ನಂಬಿ ಆಯುಧ ಕೆಳಗಿಟ್ಟಾಗ ಕೊಲೆಯಾದ. ನಂಬಿದ ಒಡೆಯ ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ಜೊತೆಗೆ ಬಂದ ಇಬ್ಬರು, ಕೃಪ ಮತ್ತು ಕೃತವರ್ಮ, ಆಲದ ಮರದ ಕೆಳಗೆ ಸತ್ತವರಂತೆ ನಿದ್ದೆಹೋಗಿದ್ದಾರೆ. ಇವನಿಗೆ ಮಾತ್ರ ಕಣ್ಣು ಮುಚ್ಚುತ್ತಿಲ್ಲ. ಮರದ ಮೇಲೆ ಗೂಗೆಯೊಂದು ಮಲಗಿದ ಕಾಗೆಗಳನ್ನು ಕೊಲ್ಲುವುದು ಕಾಣಿಸುತ್ತದೆ; ಅದನ್ನೇ ಅಪ್ಪಣೆಯೆಂದುಕೊಂಡು ಏಳುತ್ತಾನೆ. ಅಮೆರಿಕದ ಮನೋವೈದ್ಯರ ಸಂಘ ಯುದ್ಧದಂಥ ಆಘಾತದ ನಂತರ ಉಳಿಯುವ ಮನೋರೋಗವನ್ನು 'ಪಿಟಿಎಸ್‌ಡಿ' ಎಂದು ತನ್ನ ಕೈಪಿಡಿಯಲ್ಲಿ ಸೇರಿಸಿದ್ದು 1980ರಲ್ಲಿ. ನಿದ್ರಾಹೀನತೆ, ಸದಾ ಎಚ್ಚರದ ಉದ್ವೇಗ, ಸತ್ತವರನ್ನು ಮರೆಯಲಾಗದ ಸಂಕಟ, ತಡೆಯಲಾಗದ ರೋಷ ಅದರ ಲಕ್ಷಣಗಳಲ್ಲಿ ಸೇರಿವೆ. ವಿಯೆಟ್ನಾಂ ಯುದ್ಧದಿಂದ ಮರಳಿದವರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ 1994ರಲ್ಲಿ ಹೋಮರನ ಅಕಿಲೀಸನನ್ನು ತಮ್ಮ ರೋಗಿಗಳ ಪಕ್ಕದಲ್ಲಿಟ್ಟು ಒಂದು ಪುಸ್ತಕವನ್ನೇ ಬರೆದರು. ಸರಿಯೆಂದು ನಂಬಿದ್ದನ್ನು ಮೇಲಿನವರೇ ಮುರಿದಾಗ ಯೋಧನ ಮನಸ್ಸು ಒಡೆಯುತ್ತದೆ ಎಂಬುದು ಅವರ ನಿರೂಪಣೆ. ದ್ರೋಣನ ಸಾವಿನ ಬಗೆ ತಿಳಿದ ಕನ್ನಡ ಓದುಗರಿಗೆ ಈ ಮಾತು ಹೊಸದೆನಿಸಲಾರದು.

ಕನ್ನಡ ರಂಗಭೂಮಿಯ ಕಳೆದ ನೂರು ವರ್ಷಗಳನ್ನು ಈ ಒಂದು ಎಳೆ ಹಿಡಿದು ನೋಡಿದರೆ ಎರಡು ಸಂಗತಿ ಕಾಣುತ್ತವೆ. ಯುದ್ಧ ಯೋಧನ ಮನಸ್ಸಿಗೆ ಮಾಡುವ ಗಾಯವನ್ನು ನಮ್ಮ ನಾಟಕಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಮತ್ತೆ ಮತ್ತೆ ಅಶ್ವತ್ಥಾಮನ ಹತ್ತಿರವೇ ಹೋದರು. ಆದರೆ ಆ ಗಾಯ ರಾಜ, ರಾಜಪುತ್ರ, ಗುರುಪುತ್ರರ ಸೊತ್ತಾಗಿಯೇ ಉಳಿಯಿತು. ಹೆಸರಿಲ್ಲದ ಕಾಲಾಳಿಗೆ ರಂಗದ ಮೇಲೆ ಸಿಕ್ಕಿದ್ದು ಈಟಿ ಹಿಡಿದು ನಿಲ್ಲುವ ಕೆಲಸ, ಹೆಚ್ಚೆಂದರೆ ಸುದ್ದಿ ತಂದು ಕೈಮುಗಿಯುವ ಕೆಲಸ.

ಈ ಸೀಮೆಗೆ ಯುದ್ಧವೇನೂ ದೂರದ ಮಾತಲ್ಲ. ಗಂಗಾವತಿಯ ಹತ್ತಿರದ ಕುಮ್ಮಟದುರ್ಗ 1327ರಲ್ಲಿ ದೆಹಲಿಯ ಸೈನ್ಯಕ್ಕೆ ಬಿತ್ತು. ಅಲ್ಲಿನ ರಾಜಪುತ್ರ ಕುಮಾರರಾಮನ ತಲೆಯನ್ನು ದೆಹಲಿಗೆ ಒಯ್ದರೆಂದು ಕಥೆ ಹೇಳುತ್ತದೆ. 1565ರ ರಕ್ಕಸತಂಗಡಿ ಕಾಳಗದಲ್ಲಿ ವಿಜಯನಗರ ಸೋತ ಬಿಸಿ ತುಂಗಭದ್ರೆಯ ಈಚೆಗಿನ ಆನೆಗೊಂದಿಗೂ ತಟ್ಟಿತು. ಕೊಪ್ಪಳದ ಕೋಟೆ 1790–91ರಲ್ಲಿ ನಿಜಾಮ ಮತ್ತು ಇಂಗ್ಲಿಷರ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದು ಸೋತಿತು. ಅದೇ ಕೋಟೆಯಲ್ಲಿ 1858ರಲ್ಲಿ ಮುಂಡರಗಿ ಭೀಮರಾಯ ಇಂಗ್ಲಿಷರೊಡನೆ ಹೋರಾಡಿ ಸತ್ತ. ಊರೂರ ಅಗಸೆಯ ಬಳಿ ವೀರಗಲ್ಲುಗಳಿವೆ. ವೀರಗಲ್ಲಿನ ವ್ಯಾಕರಣ ಸರಳ: ಕೆಳಗಿನ ಹಂತದಲ್ಲಿ ಕಾದುತ್ತಾನೆ, ನಡುವಿನಲ್ಲಿ ಅಪ್ಸರೆಯರು ಕರೆದೊಯ್ಯುತ್ತಾರೆ, ಮೇಲೆ ಶಿವನ ಮುಂದೆ ಕೂರುತ್ತಾನೆ. ಕಾದಿ ಸಾಯದೆ ಮನೆಗೆ ಬಂದವನಿಗೆ ಆ ಕಲ್ಲಿನಲ್ಲಿ ಹಂತವೇ ಇಲ್ಲ. ಬಯಲಾಟದ ಕುಮಾರರಾಮನೂ ಬಹುಮಟ್ಟಿಗೆ ಈ ಮೂರು ಹಂತದ ದಾರಿಯಲ್ಲೇ ನಡೆಯುತ್ತಾನೆ. ದೊಡ್ಡಾಟದ ಕುಣಿತ, ಮದ್ದಳೆಯ ಗತಿ ಎಲ್ಲವೂ ವೀರರಸಕ್ಕೆ ಒಲಿದವು.

ಸತ್ತವರ ನಡುವೆ ಬದುಕಿ ಉಳಿದವನ ಕಡೆಗೆ ಮೊದಲು ದೃಷ್ಟಿ ತಿರುಗಿಸಿದವನು ಕವಿ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮುಧೋಳದ ರನ್ನ ಬರೆದ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗವನ್ನು ಹಾದುಹೋಗುತ್ತಾನೆ. ಹೆಣಗಳನ್ನು ಎಡವುತ್ತಾನೆ, ಮರುಳುಗಳು ಅವನನ್ನು ಹಂಗಿಸುತ್ತವೆ, ದ್ರೋಣ, ದುಶ್ಶಾಸನ, ಮಗ ಲಕ್ಷಣ, ಗೆಳೆಯ ಕರ್ಣ ಒಬ್ಬೊಬ್ಬರ ದೇಹದ ಮುಂದೆಯೂ ನಿಂತು ಅಳುತ್ತಾನೆ. ರನ್ನನ ಆಶ್ರಯದಾತ ಇರಿವಬೆಡಂಗ ಸತ್ಯಾಶ್ರಯನ ಕಾಲದ ನಾಡು ಯುದ್ಧವನ್ನು ಕಣ್ಣಾರೆ ಕಂಡಿತ್ತು. 1007ರ ಹೊಟ್ಟೂರು ಶಾಸನ, ಕಾವ್ಯಕ್ಕಿಂತ ಕೊಂಚ ಈಚಿನದಾದರೂ, ಚೋಳರ ದಂಡು ಈ ಕಡೆ ನುಗ್ಗಿ ಹೆಂಗಸರು, ಮಕ್ಕಳೆನ್ನದೆ ಕೊಂದದ್ದನ್ನು ಹೇಳುತ್ತದೆ. ಕಾವ್ಯದ ರಣರಂಗ ಬರಿಯ ವರ್ಣನಾಚಾತುರ್ಯದಿಂದ ಹುಟ್ಟಿತೆಂದು ನಂಬುವುದು ಕಷ್ಟ.

ರನ್ನನ ಈ ಕಾವ್ಯದೊಳಗೆ ನಾಟಕವಿದೆಯೆಂದು ಕಂಡುಕೊಂಡು ಅದನ್ನು ಅಂಕಗಳಾಗಿ ಕಟ್ಟಿದವರು ಬಿ.ಎಂ. ಶ್ರೀಕಂಠಯ್ಯ (ಬಿಎಂಶ್ರೀ). ಅವರ 'ಗದಾಯುದ್ಧ ನಾಟಕಂ' 1926ರದು. ಯಕ್ಷಗಾನ ಮೇಳಗಳಿಗೆ ಈ ಉಪಕಾರ ಬೇಕಿರಲಿಲ್ಲ. ಅವರ ಗದಾಯುದ್ಧದ ಪ್ರಸಂಗದಲ್ಲಿ ಕೌರವ ಮೊದಲಿನಿಂದಲೂ ಒಂಟಿಯಾಗಿಯೇ ನಡೆಯುತ್ತಿದ್ದ. ಕೆರೆಮನೆ ಶಿವರಾಮ ಹೆಗಡೆಯವರಿಗೆ ಹೆಸರು ತಂದ ವೇಷಗಳಲ್ಲಿ ಅದೂ ಒಂದು. ಎಲ್ಲರನ್ನೂ ಕಳೆದುಕೊಂಡು ಕೊಳದಲ್ಲಿ ಅಡಗಲು ಹೊರಟ ಅರಸನ ನಡಿಗೆಯಲ್ಲಿ ಆವೇಶಕ್ಕಿಂತ ದಣಿವು ಕಾಣಬೇಕೆಂಬುದು ಒಳ್ಳೆಯ ಕಲಾವಿದರೆಲ್ಲ ಬಲ್ಲ ಗುಟ್ಟು.

ಬಿಎಂಶ್ರೀ ಅವರ ನಿಜವಾದ ಸಾಹಸ ಮೂರು ವರ್ಷದ ನಂತರದ್ದು. 1929ರ 'ಅಶ್ವತ್ಥಾಮನ್' ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಮಣ್ಣಿಗೆ ತಂದು ನೆಟ್ಟ ಕೃತಿ. ಮೂಲದ ಕಥೆ ಇಷ್ಟು. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸತ್ತ ಮೇಲೆ ಅವನ ಕವಚ ಆಯುಧಗಳು ತನಗೆ ಸಲ್ಲಬೇಕೆಂದು ಏಜಾಕ್ಸ್ ಎಣಿಸಿರುತ್ತಾನೆ. ಅವು ಮಾತಿನ ಮಲ್ಲ ಒಡಿಸ್ಯೂಸನ ಪಾಲಾಗುತ್ತವೆ. ಅವಮಾನದಿಂದ ಕುದಿದ ಏಜಾಕ್ಸ್ ರಾತ್ರಿ ತನ್ನದೇ ಸೈನ್ಯದ ನಾಯಕರನ್ನು ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿ ಅವನಿಗೆ ಭ್ರಾಂತಿ ಹಿಡಿಸುತ್ತಾಳೆ. ದನಕುರಿಗಳ ಮಂದೆಯನ್ನೇ ಶತ್ರುಗಳೆಂದು ತಿಳಿದು ಕಡಿದುಹಾಕುತ್ತಾನೆ. ಬುದ್ಧಿ ತಿಳಿಯಾದಾಗ ರಕ್ತದ ನಡುವೆ ಅನ್ನ ನೀರು ಬಿಟ್ಟು ಕುಳಿತಿರುತ್ತಾನೆ. ಕೊನೆಗೆ ತನ್ನ ಖಡ್ಗದ ಮೇಲೆ ಬಿದ್ದು ಸಾಯುತ್ತಾನೆ. ಉಳಿದರ್ಧ ನಾಟಕ ಅವನ ಹೆಣಕ್ಕೆ ಸಂಸ್ಕಾರ ಸಲ್ಲಬೇಕೇ ಬೇಡವೇ ಎಂಬ ಜಗಳ.

ಇಂಥ ಕಥೆಗೆ ಕನ್ನಡದಲ್ಲಿ ಸರಿಸಾಟಿ ಹುಡುಕುವಾಗ ಬಿಎಂಶ್ರೀ ಅವರ ಕೈ ಅಶ್ವತ್ಥಾಮನ ಮೇಲೆ ಬಿದ್ದದ್ದು ಪಾಂಡಿತ್ಯದ ಆಟವಾಗಿರಲಿಲ್ಲ. ಇಬ್ಬರೂ ಯುದ್ಧದ ಕೊನೆಯಲ್ಲಿ ಅನ್ಯಾಯಕ್ಕೊಳಗಾದವರು, ಇಬ್ಬರೂ ರಾತ್ರಿ ಎದ್ದು ಹೋದವರು, ಇಬ್ಬರ ಕೈಯಲ್ಲೂ ಸಾಯಬಾರದವರು ಸತ್ತರು. ವ್ಯಾಸಭಾರತ ಅಶ್ವತ್ಥಾಮನಿಗೆ ಸಂಸಾರ ಕಟ್ಟಿಕೊಟ್ಟಿಲ್ಲ. ಬಿಎಂಶ್ರೀ ಅವನಿಗೆ ಭಾರ್ಗವಿ ಎಂಬ ಹೆಂಡತಿಯನ್ನು ಕೊಟ್ಟರು, ಗ್ರೀಕ್ ನಾಟಕದ ಟೆಕ್ಮೆಸ್ಸಾಳ ಜಾಗಕ್ಕೆ. ಮಲತಮ್ಮ ಟ್ಯೂಸರನ ಜಾಗಕ್ಕೆ ಏಕಲವ್ಯನನ್ನು ತಂದರು. ದ್ರೋಣನಿಗೆ ಹೆಬ್ಬೆರಳು ಕೊಟ್ಟ ಶಿಷ್ಯ ದ್ರೋಣನ ಮಗನ ಹೆಣದ ಪಕ್ಕದಲ್ಲಿ ನಿಲ್ಲುವುದನ್ನು ಕಲ್ಪಿಸಿಕೊಳ್ಳಲು ದೊಡ್ಡ ನಾಟಕಕಾರನ ಕಣ್ಣೇ ಬೇಕು.

ಹೆಂಡತಿಯ ಪಾತ್ರ ಇಲ್ಲಿ ಬಹಳ ಮುಖ್ಯ. ಯುದ್ಧದಲ್ಲಿ ಕೆಟ್ಟ ಮನಸ್ಸಿನ ಮೊದಲ ಸಾಕ್ಷಿ ವೈದ್ಯನಲ್ಲ, ಸೇನಾಪತಿಯೂ ಅಲ್ಲ. ಅರ್ಧರಾತ್ರಿಯಲ್ಲಿ ಎದ್ದು ಕತ್ತಿ ಹಿರಿದವನನ್ನು ಎಲ್ಲಿಗೆಂದು ಕೇಳಿ ಗದರಿಸಿಕೊಂಡವಳು, ಊಟ ಮುಟ್ಟದೆ ಕೂತವನ ಮುಂದೆ ಮಗುವನ್ನು ತಂದು ನಿಲ್ಲಿಸಲೋ ಬೇಡವೋ ಎಂದು ಹೆದರಿದವಳು ಮನೆಯವಳು. ಸೊಫೊಕ್ಲಿಸನಿಗೆ ಇದು ತಿಳಿದಿತ್ತು. ಅವನು ಸ್ವತಃ ಅಥೆನ್ಸಿನ ದಂಡನಾಯಕರಲ್ಲಿ ಒಬ್ಬನಾಗಿ ಆಯ್ಕೆಯಾಗಿದ್ದವನು; ಅವನ ನಾಟಕ ನೋಡಲು ಕೂರುತ್ತಿದ್ದ ಗಂಡಸರಲ್ಲಿ ಬಹುಮಂದಿ ಯುದ್ಧಕ್ಕೆ ಹೋಗಿ ಬಂದವರು. ಬಿಎಂಶ್ರೀ 1935ರಲ್ಲಿ 'ಪಾರಸಿಕರು' ಎಂದು ಕನ್ನಡಿಸಿದ ನಾಟಕದ ಕರ್ತೃ ಈಸ್ಕಿಲಸ್ ಮ್ಯಾರಥಾನ್ ಕಾಳಗದಲ್ಲಿ ಕಾದಿದವನೇ. ಆ ನಾಟಕ ಗೆದ್ದವರ ರಂಗದ ಮೇಲೆ ಸೋತವರ ಅರಮನೆಯ ಅಳುವನ್ನು ತೋರಿಸುತ್ತದೆ.

'ಅಶ್ವತ್ಥಾಮನ್' ಬಂದಾಗ ಎದ್ದ ಗದ್ದಲ ಬೇರೆಯದೇ ವಿಷಯದ್ದು. ಅಶ್ವತ್ಥಾಮ ಏಳು ಮಂದಿ ಚಿರಂಜೀವಿಗಳಲ್ಲಿ ಒಬ್ಬ. ಅವನನ್ನು ರಂಗದ ಮೇಲೆ ಸಾಯಿಸಬಹುದೇ ಎಂಬ ಆಕ್ಷೇಪ ಬಂತು. ಈ ಚರ್ಚೆಯಲ್ಲಿ ಅವನ ಮನಸ್ಸಿನ ಪ್ರಶ್ನೆ ಮರೆಯಾಯಿತು. ಸಾವಿಲ್ಲದೆ, ವಾಸಿಯಾಗದ ಹುಣ್ಣು ಹೊತ್ತು, ಮನುಷ್ಯರ ಸಹವಾಸವಿಲ್ಲದೆ ಮೂರು ಸಾವಿರ ವರ್ಷ ಅಲೆಯಬೇಕೆಂಬ ಪುರಾಣದ ಶಾಪ ಎಷ್ಟು ಕ್ರೂರವೋ, ಖಡ್ಗದ ಮೇಲೆ ಬಿದ್ದು ಸಾಯುವುದು ಅದಕ್ಕಿಂತ ಕರುಣೆಯ ಮುಕ್ತಾಯವಲ್ಲವೇ? ಹಾಗೆಂದು ಕೇಳಿ ವಾದ ಮುಂದುವರಿಸಬಹುದಿತ್ತು. ಕನ್ನಡ ವಿಮರ್ಶೆ ಆ ದಾರಿಯಲ್ಲಿ ಹೆಚ್ಚು ದೂರ ಹೋಗಲಿಲ್ಲ. ಗ್ರೀಕ್ ದುರಂತದ ಲಕ್ಷಣ, ಹಳಗನ್ನಡ ಛಂದಸ್ಸಿನ ಪ್ರಯೋಗ ಇವುಗಳನ್ನು ಅಳೆಯುವುದರಲ್ಲಿ ತೃಪ್ತಿಪಟ್ಟಿತು.

ಕಾಲವನ್ನೂ ಗಮನಿಸಬೇಕು. 'ಶೆಲ್ ಶಾಕ್' ಎಂಬ ಹೆಸರು ವೈದ್ಯಕೀಯ ಬರವಣಿಗೆಗೆ ಬಂದದ್ದು 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಲೇಖನದಿಂದ. ಮೈಸೂರು ಸಂಸ್ಥಾನದ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆಲ್ಲುವ ಕಾಳಗದಲ್ಲಿತ್ತು. ಲಂಡನ್ನಿನಲ್ಲಿ ಆರ್.ಸಿ. ಶೆರಿಫ್‌ನ 'ಜರ್ನೀಸ್ ಎಂಡ್' ನಾಟಕ 1928ರಲ್ಲಿ ಕಂದಕದೊಳಗಿನ ಅಧಿಕಾರಿಯನ್ನು, ಹೆದರಿಕೆ ಮುಚ್ಚಲು ವಿಸ್ಕಿ ಕುಡಿಯುವವನನ್ನು, ರಂಗಕ್ಕೆ ತಂದಿತು. ಮರುವರ್ಷವೇ 'ಅಶ್ವತ್ಥಾಮನ್'. ಮೈಸೂರಿನ ಪ್ರಾಧ್ಯಾಪಕ ಬಿಎಂಶ್ರೀ ಮಹಾಯುದ್ಧವನ್ನು ನೆನೆದು ಇದನ್ನು ಬರೆದರೆಂದು ಹೇಳಲು ಆಧಾರ ಬೇಕು. ಅದಿಲ್ಲದೆ ಹೇಳುವುದು ತಪ್ಪು. ಹೈಫಾಕ್ಕೆ ಹೋದ ಸವಾರರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಎದ್ದಿತು, ಅವರ ಕಥೆಗೆ ಕನ್ನಡದ ಹೆಸರಾಂತ ನಾಟಕಗಳ ಸಾಲಿನಲ್ಲಿ ಜಾಗ ಸಿಗಲಿಲ್ಲ. ಮರಳಿ ಬಂದವರು ಮನೆಯಲ್ಲಿ ಹೇಗೆ ಮಲಗುತ್ತಿದ್ದರು ಎಂಬುದನ್ನು ಯಾವ ಹಾರ್ಮೋನಿಯಮ್ಮೂ ಹಾಡಲಿಲ್ಲ.

ಈ ಕೊರತೆಯನ್ನು ಕೊಂಚವಾದರೂ ತುಂಬಿದವರು ಕುವೆಂಪು. 1931ರ 'ಶ್ಮಶಾನ ಕುರುಕ್ಷೇತ್ರಂ' ನಾಟಕದಲ್ಲಿ ಯುದ್ಧ ಮುಗಿದ ರಾತ್ರಿಯ ರಣಭೂಮಿಯೇ ರಂಗಸ್ಥಳ. ದ್ವಾಪರ ಮತ್ತು ಕಲಿ ಎಂಬ ಯುಗಪುರುಷರು ಅಲ್ಲಿ ಎದುರಾಗುತ್ತಾರೆ. ದೊಡ್ಡವರ ಜೊತೆಗೆ ಸಾಮಾನ್ಯ ಗಾಯಾಳುಗಳೂ, ತಮ್ಮವರನ್ನು ಹುಡುಕಿ ಬಂದ ಮನೆಯವರೂ ಕಾಣಿಸುತ್ತಾರೆ. ಸರಳ ರಗಳೆಯ ಭವ್ಯತೆ ಈ ಸಣ್ಣ ಮನುಷ್ಯರ ಬಾಯಲ್ಲಿ ಕೆಲವೊಮ್ಮೆ ಭಾರವಾಗುತ್ತದೆ ನಿಜ. ಆದರೂ ಕಾಲಾಳಿನ ನೋವಿಗೆ ಕನ್ನಡ ನಾಟಕ ನೇರವಾಗಿ ಬಾಗಿಲು ತೆರೆದ ಅಪರೂಪದ ಸಂದರ್ಭ ಅದು.

ಕಾಲಾಳನ್ನು ಬದಿಗಿಡುವ ರೂಢಿಗೆ ಸಂಸ್ಕೃತದಲ್ಲಿ ಭಾಸನ 'ಊರುಭಂಗ' ಬಹಳ ಹಿಂದೆಯೇ ಮೇಲ್ಪಂಕ್ತಿ ಹಾಕಿತ್ತು. ಅಲ್ಲಿ ರಣರಂಗವನ್ನು ವರ್ಣಿಸುವವರು ಮೂವರು ಭಟರು. ವರ್ಣನೆ ಮುಗಿಸಿ ಅವರು ಹೊರಟುಹೋಗುತ್ತಾರೆ, ಅಷ್ಟೇ. ನಾಟಕ ಮುಂದೆ ತೊಡೆ ಮುರಿದ ದೊರೆಯದು.

ಮತ್ತೆ ಕಂದಗಲ್ಲರ ಕಡೆಗೆ. ಕುಷ್ಟಗಿ ದಾಟಿ ಇಳಕಲ್ ಕಡೆ ಹೋದರೆ ಅವರ ಕಂದಗಲ್ಲ ಸಿಗುತ್ತದೆ. ಕೊಪ್ಪಳ ಸೀಮೆಗೆ ಅವರು ನೆರೆಯೂರಿನವರೇ. 'ಕರ್ನಾಟಕದ ಶೇಕ್ಸ್‌ಪಿಯರ್' ಎಂಬ ಬಿರುದು ಅವರ ಹೆಸರಿನ ಜೊತೆಗೇ ಓಡಾಡುತ್ತದೆ. 'ಅಕ್ಷಯಾಂಬರ', 'ಕುರುಕ್ಷೇತ್ರ', 'ರಕ್ತರಾತ್ರಿ' ಒಂದಕ್ಕಿಂತ ಒಂದು ಜನಪ್ರಿಯ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು, 2020ರಲ್ಲಿ ತೀರಿಕೊಂಡವರು, 'ರಕ್ತರಾತ್ರಿ'ಯ ಅಭಿನಯದಿಂದ ಮನೆಮಾತಾದವರು. ವೃತ್ತಿಕಂಪನಿಗಳ ರಂಗ ಬಯಸುತ್ತಿದ್ದುದು ಗುಡುಗುವ ಪ್ರಾಸಬದ್ಧ ಮಾತು, ಮಾತಿನ ತುದಿಗೆ ಹಾಡು, ಹಾಡಿಗೆ 'ಒನ್ಸ್ ಮೋರ್'. ಕಂದಗಲ್ಲರು ಅದನ್ನು ಯಾರಿಗಿಂತಲೂ ಚೆನ್ನಾಗಿ ಕೊಟ್ಟರು. ಆದರೆ ಅದಕ್ಕೊಂದು ಬೆಲೆಯಿತ್ತು. ನಿದ್ದೆಗೆಟ್ಟವನ ಮೌನಕ್ಕೆ ಆ ರಂಗದಲ್ಲಿ ಜಾಗ ಕಡಿಮೆ. ಅಶ್ವತ್ಥಾಮನ ಪಾರ್ಟು ಹಾಕಿದವನ ಕಂಠ ಎಷ್ಟು ದೂರ ಕೇಳಿಸಿತು ಎಂಬುದರ ಮೇಲೆ ಅವನಿಗೆ ಆಯೇರಿ, ಚಪ್ಪಾಳೆ. ಪ್ರೇಕ್ಷಕರು ಅವನ ಸೇಡಿಗೆ ಕೈ ತಟ್ಟುತ್ತಾರೆ, ಪಾಂಡವರ ಮಕ್ಕಳ ಸಾವಿಗೆ ಕಣ್ಣೀರು ಹಾಕುತ್ತಾರೆ. ಅವನಿಗೇನಾಯಿತು ಎಂದು ಕೇಳಲು ನಡುವೆ ಬಿಡುವೇ ಇರುವುದಿಲ್ಲ.

ಇದು ಹಳ್ಳಿಯ ರಂಗವನ್ನು ಹಳಿಯುವ ಮಾತಲ್ಲ. ತೊಗಲುಗೊಂಬೆಯಾಟವನ್ನು ಬದುಕಿನುದ್ದಕ್ಕೂ ನಡೆಸಿ 2025ರಲ್ಲಿ ಪದ್ಮಶ್ರೀಗೆ ಪಾತ್ರರಾದ ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಇದೇ ನೆಲದವರು. ಪರದೆಯ ಹಿಂದಿನ ದೀಪದ ಬೆಳಕಿನಲ್ಲಿ ರಾಮಾಯಣ, ಭಾರತದ ಯುದ್ಧಗಳನ್ನು ಈ ಜನ ತಲೆಮಾರುಗಳಿಂದ ನೋಡಿದ್ದಾರೆ. ಯುದ್ಧದ ಕಥೆ ಕೇಳುವ ತಾಳ್ಮೆ ಇಲ್ಲಿ ನಗರಕ್ಕಿಂತ ಹೆಚ್ಚಿದೆ. ಕೊರತೆಯಿರುವುದು ಆಡುವ ಪಠ್ಯದಲ್ಲಿ.

ಸ್ವಾತಂತ್ರ್ಯ, ದೇಶವಿಭಜನೆಗಳ ನಂತರ ಅಶ್ವತ್ಥಾಮನಿಗೆ ಹೊಸ ಜೀವ ಬಂದದ್ದು ಹಿಂದಿಯಲ್ಲಿ. ಧರ್ಮವೀರ ಭಾರತಿಯವರ 'ಅಂಧಾಯುಗ' (1954) ಮುಂದೆ ಕನ್ನಡದ ಹವ್ಯಾಸಿ ರಂಗಕ್ಕೂ ಪರಿಚಿತವಾಯಿತು. ಅಲ್ಲಿ ಅಶ್ವತ್ಥಾಮ ಮೃಗವಾಗುತ್ತ ಹೋಗುವುದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಆ ನಾಟಕದ ದೊಡ್ಡತನ ಚಿಕ್ಕ ಪಾತ್ರಗಳಲ್ಲಿದೆ. ಖಾಲಿ ಮೊಗಸಾಲೆಯಲ್ಲಿ ಹದಿನೇಳು ದಿನವೂ ಅತ್ತಿಂದಿತ್ತ ನಡೆದು, ಕಾಯುವುದಕ್ಕೆ ಏನೂ ಉಳಿದಿಲ್ಲವೆಂದು ಬೇಸತ್ತ ಇಬ್ಬರು ಕಾವಲುಗಾರರು. ಬೆಂಕಿಯ ಬಾಣದಿಂದ ಕಾಲು ಸುಟ್ಟುಕೊಂಡ ಮೂಕ ಸೈನಿಕ. ಆ ಬಾಣ ಬಿಟ್ಟವನು ಯುಯುತ್ಸು, ಕೌರವನಾಗಿಯೂ ಧರ್ಮದ ಪಕ್ಷವೆಂದು ಪಾಂಡವರ ಕಡೆ ಕಾದಿದವನು. ಗೆದ್ದು ಮನೆಗೆ ಬಂದರೆ ತಾಯಿ ಗಾಂಧಾರಿಯ ಮಾತೇ ಇರಿಯುತ್ತದೆ, ಬೀದಿ ಉಗುಳುತ್ತದೆ, ತಾನು ಸುಟ್ಟ ಸೈನಿಕನೇ ಎದುರಾಗುತ್ತಾನೆ. ಯುಯುತ್ಸು ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಸರಿಯಾದ ಪಕ್ಷದಲ್ಲಿ ನಿಂತು ಕಾದಿದವನೂ ಒಳಗೆ ಮುರಿಯಬಹುದೆಂಬುದನ್ನು ಭಾರತೀಯ ರಂಗ ಇಷ್ಟು ನಿಷ್ಠುರವಾಗಿ ಹೇಳಿದ್ದು ವಿರಳ.

ಕನ್ನಡದಲ್ಲಿ ರೋಗ ಮತ್ತು ಯುದ್ಧವನ್ನು ಒಂದೇ ಹಾಸಿಗೆಯ ಮೇಲೆ ಮಲಗಿಸಿದ ನಾಟಕ ಪಿ. ಲಂಕೇಶರ 'ಗುಣಮುಖ' (1993). 1739ರಲ್ಲಿ ದೆಹಲಿಯನ್ನು ಲೂಟಿ ಮಾಡಿ ಕಗ್ಗೊಲೆ ನಡೆಸಿದ ನಾದಿರ್ ಷಾ ಇಲ್ಲಿ ಒಬ್ಬ ರೋಗಿ. ಎಲ್ಲರನ್ನೂ ಶಂಕಿಸುವ, ಎಲ್ಲರಿಂದ ಹೆದರಿಕೆಯ ಹೊಗಳಿಕೆಯನ್ನಷ್ಟೇ ಪಡೆಯುವ ಅವನಿಗೆ ಹಕೀಮ ಅಲಾವಿಖಾನ್ ಚಿಕಿತ್ಸೆ ಕೊಡಬೇಕು. ಹೆದರದ ವೈದ್ಯನ ನೇರ ಮಾತೇ ಮೊದಲ ಮದ್ದು. ಇತಿಹಾಸದಲ್ಲೂ ಈ ಹಕೀಮ ಇದ್ದ. ದೆಹಲಿಯಿಂದ ನಾದಿರನ ಜೊತೆ ಹೋದ, ಕೆಲಕಾಲ ಅವನನ್ನು ಹತೋಟಿಯಲ್ಲಿಟ್ಟ, ಆಮೇಲೆ ಬಿಡುಗಡೆ ಪಡೆದು ಮೆಕ್ಕಾ ಯಾತ್ರೆಗೆ ಹೊರಟ. ನಾದಿರ್ 1747ರಲ್ಲಿ ತನ್ನವರ ಕೈಯಲ್ಲೇ ಕೊಲೆಯಾದ. ಕೊಂದವನ ಮನಸ್ಸಿಗೂ ಕೊಲೆಯಿಂದ ಕಾಯಿಲೆ ಬರುತ್ತದೆ ಎಂಬುದನ್ನು ಕ್ಷಮೆಯಾಗಿಸದೆ, ಶಾಪವಾಗಿಯೂ ಮಾಡದೆ ರೋಗವಾಗಿಯೇ ನೋಡಿದ್ದು ಲಂಕೇಶರ ಹೆಚ್ಚುಗಾರಿಕೆ. ಈ ವಿಷಯದಲ್ಲಿ ಕನ್ನಡದ ಅತ್ಯಂತ ಆಧುನಿಕ ನಾಟಕ ಇದೇ. ಗಿರೀಶ ಕಾರ್ನಾಡರ 'ರಾಕ್ಷಸ ತಂಗಡಿ' (2018) ಆನೆಗೊಂದಿ ಹಂಪಿಗಳ ಜನಕ್ಕೆ ತೀರ ಹತ್ತಿರದ ಕಾಳಗವನ್ನು ಎತ್ತಿಕೊಂಡರೂ ಅದರ ಆಸಕ್ತಿ ಅಳಿಯ ರಾಮರಾಯನ ಹಮ್ಮು, ಸುಲ್ತಾನರ ಲೆಕ್ಕಾಚಾರಗಳಲ್ಲಿದೆ. ಓಡಿಬಂದ ಸೈನಿಕರ ನಾಟಕ ಅದಲ್ಲ.

ಹೊರಗೆ ಏನಾಯಿತೆಂಬುದನ್ನೂ ಹೇಳಬೇಕು. 2008ರಲ್ಲಿ ಬ್ರಯನ್ ಡೋರೀಸ್ ಎಂಬ ಅಮೆರಿಕದ ನಿರ್ದೇಶಕ ಸ್ಯಾನ್ ಡಿಯಾಗೊ ನಗರದಲ್ಲಿ ಮರೀನ್ ದಳದ ಯೋಧರು ಮತ್ತು ಅವರ ಮಡದಿಯರ ಮುಂದೆ ಸೊಫೊಕ್ಲಿಸನ ನಾಟಕಗಳ ಭಾಗಗಳನ್ನು ಓದಿಸಿದರು. ವೇಷವಿಲ್ಲ, ಪರದೆಯಿಲ್ಲ, ಮೇಜಿನ ಹಿಂದೆ ಕೂತ ನಟರು. ಓದು ಮುಗಿದ ಮೇಲೆ ಸಭಿಕರು ಮಾತಾಡಲು ಶುರುಮಾಡಿದರು. ಆ ಮಾತು ಗಂಟೆಗಟ್ಟಲೆ ನಡೆಯಿತು. 'ಥಿಯೇಟರ್ ಆಫ್ ವಾರ್' ಎಂಬ ಹೆಸರಿನಲ್ಲಿ ಆ ಕೆಲಸ ಸೈನಿಕ ನೆಲೆಗಳಿಗೆ, ಆಸ್ಪತ್ರೆಗಳಿಗೆ ಹಬ್ಬಿತು. ಅವರು ಆರಿಸಿಕೊಂಡ ಮುಖ್ಯ ನಾಟಕ 'ಏಜಾಕ್ಸ್'. ಅಂದರೆ ಬಿಎಂಶ್ರೀ 79 ವರ್ಷ ಮೊದಲೇ ಕನ್ನಡದ ಕೈಗೆ ಕೊಟ್ಟಿದ್ದ ಅದೇ ನಾಟಕ.

ಅದು ಕೈಯಲ್ಲಿದ್ದೂ ಬಳಕೆಗೆ ಬರಲಿಲ್ಲ. ಕಾರಣ ಗೊತ್ತಿರುವುದೇ: ಅದರ ಭಾಷೆ. ಹಳಗನ್ನಡದ ಪದ್ಯದಲ್ಲಿರುವ 'ಅಶ್ವತ್ಥಾಮನ್' ವಿಶ್ವವಿದ್ಯಾಲಯದ ಪಠ್ಯವಾಯಿತು. 'ರಕ್ತರಾತ್ರಿ' ಊರಿನ ಕಟ್ಟೆ ಏರಿತು. ಒಂದರಲ್ಲಿ ಮನಸ್ಸಿನ ಗಾಯವಿದೆ, ಪ್ರೇಕ್ಷಕರಿಲ್ಲ. ಇನ್ನೊಂದಕ್ಕೆ ಪ್ರೇಕ್ಷಕರಿದ್ದಾರೆ, ಗಾಯದ ಮೇಲೆ ಬಣ್ಣ ಬಳಿದಿದೆ. ಇವೆರಡನ್ನೂ ಬಲ್ಲ ಮೇಷ್ಟ್ರುಗಳು, ಮಾಸ್ತರರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಇಲ್ಲದಿಲ್ಲ. ಅವರಲ್ಲಿ ಯಾರಾದರೂ ಕೂತು ಭಾರ್ಗವಿಗೂ ಏಕಲವ್ಯನಿಗೂ ಈ ಸೀಮೆಯ ಮಾತು ಕೊಟ್ಟರೆ, ಊರಿಗೆ ರಜೆಯ ಮೇಲೆ ಬಂದ, ನಿವೃತ್ತರಾಗಿ ಬಂದ ಸೈನಿಕರನ್ನೂ ಅವರ ಮನೆಯವರನ್ನೂ ಮುಂದಿನ ಸಾಲಿಗೆ ಕರೆದು ಆಡಿದರೆ, ಸಿದ್ದಾಪುರದ ಜಾತ್ರೆಯ ರಂಗಕ್ಕೆ ಅದು ಹೊರಗಿನದೆನಿಸದು. ಅನುಮತಿಯ ತೊಡಕೂ ಇಲ್ಲ: ಬಿಎಂಶ್ರೀ ತೀರಿಕೊಂಡದ್ದು 1946ರಲ್ಲಿ, ಲೇಖಕರ ಮರಣಾನಂತರದ 60 ವರ್ಷಗಳ ಹಕ್ಕುಸ್ವಾಮ್ಯ 2006ಕ್ಕೇ ಮುಗಿದಿದೆ.